ಜಂಬಣ್ಣನ ರಬ್ಬರ್ ಹುಳ

ಕುರ್ಡಿಯಲ್ಲಿ ಹೆಣ್ಣು ನೋಡಲು ಹೋದ ದಿನ ಜಂಬಣ್ಣನ ಕಿಸೆಯಿಂದ ಹುಳ ಬಿತ್ತು. ನೆಲಕ್ಕೆ ಬಿದ್ದಿದ್ದರೆ ಚಿಂತೆಯಿರಲಿಲ್ಲ. ಬಿದ್ದದ್ದು ಹೆಣ್ಣಿನ ಸೋದರಮಾವ ಹನುಮಂತ್ರಾಯನ ಮಂಡಾಳ ಒಗ್ಗರಣೆಯ ತಾಟಿಗೆ.

ಜೊತೆಗೆ ಬಂದಿದ್ದ ಅಕ್ಕ ಅಯ್ಯಮ್ಮ, ಬೆವರು ಒರೆಸಿಕೋ ಎಂದು ಕಣ್ಸನ್ನೆ ಮಾಡಿದ್ದಳು. ಜಂಬಣ್ಣ ಕರವಸ್ತ್ರ ಎಳೆದ. ಅದರ ಬೆನ್ನಿಗೇ ಬದನೆಕಾಯಿ ಬಣ್ಣದ, ಗೇಣುದ್ದದ, ಮಿರಮಿರ ಮಿಂಚುವ ಹುಳವೊಂದು ಹಾರಿ ಹೋಗಿ ಮಿರ್ಚಿಯ ಪಕ್ಕದಲ್ಲಿ ಕೂತಿತು. ರಬ್ಬರಿನಂಥ ಮೆತ್ತನೆಯ ವಸ್ತುವಾದ್ದರಿಂದ ಬಿದ್ದ ಮೇಲೂ ಸ್ವಲ್ಪ ಹೊತ್ತು ಕುಣಿಯಿತು.

"ಯವ್ವಾ, ಹುಳಾ ಬೇ! ಜೀವ ಅದ ಅದಕ್ಕ!" ಎಂದು ಒಳಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಚೀರಿದಳು.

ಹನುಮಂತ್ರಾಯ ತಾಟು ಒದ್ದ. ತಾಟಿನ ಮಂಡಕ್ಕಿಯೆಲ್ಲ ಮೇಲಕ್ಕೆ ಹಾರಿ, ಮದುವೆಗೆ ಮುಂಚೆಯೇ ಅಕ್ಕಿಕಾಳಿನಂತೆ ಎಲ್ಲರ ತಲೆಯ ಮೇಲೆ ಬಿತ್ತು. ಹುಳ ಎತ್ತ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಜಂಬಣ್ಣ ತಾನು ವರನೆಂಬುದನ್ನು ಮರೆತು, ಅದನ್ನು ಹುಡುಕಲು ಕೂತಿದ್ದ ಹಗ್ಗದ ಹೊರಸಿನ ಕೆಳಗೆ ತೂರಿದ.

ಅವರ ಪೈಕಿ ಹೆಣ್ಣು ನೋಡುವ ಶಾಸ್ತ್ರ ಬಹಳ ಸಣ್ಣದು. ಹುಡುಗಿ ನೀರಿನ ತಂಬಿಗೆ ತಂದು ಹೊರಸಿನ ಮುಂದೆ ಇಡುತ್ತಾಳೆ, ಒಂದು ಗಳಿಗೆ ನಿಲ್ಲುತ್ತಾಳೆ, ಒಳಗೆ ಹೋಗುತ್ತಾಳೆ. ನೋಡುವುದೇನಿದ್ದರೂ ಆಗಲೇ ನೋಡಿಕೊಳ್ಳಬೇಕು; ಇನ್ನೊಮ್ಮೆ ಕರೆಯಿರಿ ಎನ್ನುವಂತಿಲ್ಲ. ಒಳಗೆ ಕಾದಿದ್ದ ಆದೆಮ್ಮನಿಗೆ ಹೊರಗಿನ ಗದ್ದಲವೇ ಕರೆಯಂತೆ ಕೇಳಿಸಿತೋ ಏನೋ, ಅದೇ ಹೊತ್ತಿಗೆ ಬಂದಳು, ತಂಬಿಗೆ ಇಟ್ಟಳು, ನಿಂತಳು. ಹೊರಸಿನ ಕೆಳಗಿಂದ ಜಂಬಣ್ಣನ ಮುಖ ಹೊರಬಂತು. ಆ ಮುಖ ಸೂರ್ಯಕಾಂತಿಯಂತೆ ಅರಳಿತ್ತು. ಆದೆಮ್ಮ ಸೆರಗು ಕಚ್ಚಿಕೊಂಡು ಒಳಗೆ ಓಡಿದಳು.

"ಕಿಸೇದಾಗ ಹುಳ ಇಟ್ಕೊಂಡು ತಿರಗಾವಗ ನಮ್ಮ ಹುಡುಗಿ ಕೊಡಂಗಿಲ್ಲ," ಎಂದ ಹನುಮಂತ್ರಾಯ, ಮೀಸೆಯಿಂದ ಮಂಡಾಳು ಕೊಡವುತ್ತ.

"ಖರೇ ಹುಳ ಅಲ್ರೀ, ಮೀನ ಹಿಡಿಯೋ ರಬ್ಬರ್‌ದ್ದು."

"ಖರೇ ಹುಳ ಆಗಿದ್ರ, ಪಾಪ, ತಾನಾಗಿ ಬಂದು ಕಿಸೇದಾಗ ಸೇರ್ಯಾದ ಅಂತಿದ್ವಿ. ರಬ್ಬರ್‌ದ್ದು ಅಂದ್ರ ನೀನ ತಂದೀದಿ."

ಜಾತಕ ತೆಗೆದು ಮೀನಮೇಷ ಎಣಿಸುವ ಕೆಲಸವೂ ಉಳಿಯಲಿಲ್ಲ. ಹೆಣ್ಣಿನ ಕಡೆಯವರು ಕುರಿ ಮೇಯಿಸುವವರು, ಬರೀ ಮೇಷ. ಗಂಡಿನ ತಲೆಯಲ್ಲಿ ಬರೀ ಮೀನ. ಅಯ್ಯಮ್ಮ ಬಸ್ಸಿನಲ್ಲಿ ತಮ್ಮನಿಂದ ಎರಡು ಸೀಟು ದೂರ ಕೂತಳು.

ಜಂಬಣ್ಣ ದೇವದುರ್ಗದ ಐಬಿಯ ಕಾವಲುಗಾರ. ಸರ್ಕಾರಿ ಸಾಹೇಬರು ಬಂದು ಉಳಿಯುವ ಆ ಬಂಗಲೆಯ ಕಸ, ಕೀಲಿಕೈ, ಸೊಳ್ಳೆಪರದೆ ಎಲ್ಲ ಅವನ ಸುಪರ್ದಿನಲ್ಲಿದ್ದವು. ಹೆಸರಿನಲ್ಲಿದ್ದ ಜಂಬ ಅವನ ಮೈಮೇಲೆ ಎಲ್ಲಿಯೂ ಇರಲಿಲ್ಲ. ಸಾಹೇಬರಿಗೆ 'ರೀ' ಹಚ್ಚಿ ಹಚ್ಚಿ ರೂಢಿಯಾಗಿ, ಅಂಗಳಕ್ಕೆ ಬಂದ ನಾಯಿಗೂ "ಆಚಿ ಸರೀರಿ" ಎನ್ನುತ್ತಿದ್ದ.

ಎಪ್ಪತ್ತರ ದಶಕದ ಆರಂಭದಲ್ಲಿ ಆ ಐಬಿಗೆ ಕಾಲುವೆ ನೋಡಲು ಪರದೇಶದ ಎಂಜಿನಿಯರ್ ಒಬ್ಬ ಬಂದಿದ್ದ. ಅವನ ಮಾತು ಇವನಿಗೆ ತಿಳಿಯದು, ಇವನ ಮಾತು ಅವನಿಗೆ ತಿಳಿಯದು. ಹೀಗಾಗಿ ಜಗಳವಿಲ್ಲದೆ ಇಬ್ಬರೂ ಸಂಜೆಯ ಹೊತ್ತು ಕೆರೆಯ ದಂಡೆಯಲ್ಲಿ ಕಳೆದರು. ಹೊರಡುವ ದಿನ ಜಂಬಣ್ಣ ಬಕ್ಷೀಸಿಗೆಂದು ಕೈ ಚಾಚಿದ. ಅಂಗೈಗೆ ಹುಳ ಬಿತ್ತು. ಅವರ ಊರಿನಲ್ಲಿ ಅದರಿಂದ ಬಾಸ್ ಎಂಬ ಮೀನು ಹಿಡಿಯುತ್ತಾರೆ ಎಂದು ಡ್ರೈವರ್ ತಿಳಿಸಿ ಹೇಳಿದ. ದೇವದುರ್ಗದಲ್ಲಿ ಬಾಸ್ ಎಂದರೆ ಐಬಿಗೆ ಬಂದು ಕೋಳಿ ಕೇಳುವವರು. ಅವರು ಹುಳ ಹಾಕದೆಯೇ ಬರುತ್ತಿದ್ದರು. ಕೆರೆಯಲ್ಲಿದ್ದದ್ದು ಕೊರಮೀನು. ಹಾವಿನ ತಲೆ, ಕಪ್ಪು ಬೆನ್ನು. ಜೊಂಡಿನೊಳಗೆ ಅಡಗಿ ಕೂತು, ಮುಂದೆ ಏನಾದರೂ ಹರಿದಾಡಿದರೆ ಹಾರಿ ಕಚ್ಚುವ ಸ್ವಭಾವ. ಬಾಸಿಗೂ ಅದಕ್ಕೂ ಬಂಧುತ್ವ ಇಲ್ಲದಿದ್ದರೂ ಸಿಟ್ಟು ಒಂದೇ.

ಹುಳಕ್ಕೆ ಗಾಳ ಪೋಣಿಸುವುದರಲ್ಲಿಯೇ ಎಲ್ಲ ಇತ್ತು. ಗಾಳದ ಮೊನೆಯನ್ನು ಹುಳದ ತಲೆಯಿಂದ ಒಳಗೆ ಚುಚ್ಚಬೇಕು. ಸ್ವಲ್ಪ ಕೆಳಗೆ ಹೊರತೆಗೆಯಬೇಕು. ಹುಳವನ್ನು ತುಸು ಮೇಲಕ್ಕೆ ನೂಕಿ, ಮೊನೆಯನ್ನು ಮತ್ತೆ ಅದರ ಹೊಟ್ಟೆಯೊಳಗೇ ಮುಚ್ಚಿಡಬೇಕು. ಇಲ್ಲದಿದ್ದರೆ ಜೊಂಡಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ನೂಕಿದಾಗ ಹುಳ ನಡು ಬಗ್ಗಿಸುತ್ತದೆ. ಬಾಗು ಇಲ್ಲದಿದ್ದರೆ ಅದು ನೀರಿನಲ್ಲಿ ಕಡ್ಡಿಯಂತೆ ಬರುತ್ತದೆ, ಕೊರಮೀನು ಮೂಸುವುದೂ ಇಲ್ಲ. ಬಾಗು ಹೆಚ್ಚಾದರೆ ಬುಗುರಿಯಂತೆ ಗಿರಗಿರ ತಿರುಗಿ ಗಾಳದ ತಂಗೂಸಿ ದಾರವನ್ನು ತಿರುಚಿ ಮುರಿ ಹಾಕುತ್ತದೆ. ದೊಡ್ಡ ಸಾಹೇಬರ ಮುಂದೆ ಜಂಬಣ್ಣ ಬಾಗುತ್ತಿದ್ದನಲ್ಲ, ಅಷ್ಟು ಬಾಗಿದರೆ ಸರಿ. ಆಮೇಲೆ ದೂರಕ್ಕೆ ಎಸೆದು, ಕೈಯಿಂದ ಮೆಲ್ಲಗೆ ಎಳೆದರೆ ಹುಳ ಹೊರಳುತ್ತ, ಬಾಲ ಆಡಿಸುತ್ತ ಈಜಿಕೊಂಡು ಬರುತ್ತದೆ. ಅದನ್ನು ನೋಡಿದರೆ ಮೀನಿಗಿಂತ ಮೊದಲು ಜಂಬಣ್ಣನ ಬಾಯಿ ತೆರೆಯುತ್ತಿತ್ತು.

ಇಂಥ ಹುಳವನ್ನು ಐಬಿಯಲ್ಲಿ ಬಿಟ್ಟುಹೋಗಲು ಮನಸ್ಸು ಬಾರದೆ ಕುರ್ಡಿಗೂ ಒಯ್ದಿದ್ದ. ಮುಂದಿನದು ಊರಿಗೆಲ್ಲ ಗೊತ್ತಾಯಿತು. ಅವನು 'ಹುಳದ ಜಂಬಣ್ಣ' ಆದ.

ಊರ ಮಂದಿ ಕೆರೆಯ ಏರಿಯ ಮೇಲೆ ಸಾಲಾಗಿ ಕೂತು ಎರೆಹುಳ ಹಾಕಿ ಮೀನು ಹಿಡಿಯುತ್ತಿದ್ದರು. ಅವರದು ಕೂತು ಹಿಡಿಯುವ ಬೇಟೆ: ಗಾಳ ಬಿಟ್ಟು, ಬೀಡಿ ಹಚ್ಚಿ, ಊರ ಸುದ್ದಿ ಮಾತಾಡುವುದು. ಮೀನು ಬಾರದಿದ್ದರೆ ಮಾತಾದರೂ ಬರುತ್ತಿತ್ತು. ಜಂಬಣ್ಣನ ಹುಳ ಈಜುವ ಹುಳ. ಎಸೆಯಬೇಕು, ಎಳೆಯಬೇಕು, ಮತ್ತೆ ಎಸೆಯಬೇಕು. ಮುರಿ ಬಿದ್ದ ಅವನ ತಂಗೂಸಿ ನೀರಿನೊಳಗೆ ಸುರುಳಿ ಸುತ್ತಿ ಅಕ್ಕಪಕ್ಕದವರ ದಾರಗಳನ್ನೆಲ್ಲ ಬಳಿದುಕೊಂಡು ಬರುತ್ತಿತ್ತು. ಬೇಟೆಯ ಹೊತ್ತೆಲ್ಲ ಗಂಟು ಬಿಡಿಸುವುದರಲ್ಲಿ ಹೋಗುತ್ತಿತ್ತು.

"ಲೇ ಜಂಬ್ಯಾ, ನಿನ್ನ ಹುಳ ಈಜಾಕತ್ತದ, ನಮ್ಮ ಹೊಟ್ಟಿ ಮುಳುಗಾಕತ್ತದ. ಆ ಕಡಿ ದಂಡಿಗೆ ಹೋಗು ನಡಿ," ಎಂದರು ಒಂದು ದಿನ.

"ಆಯ್ತ್ರೀ," ಎಂದು ಜಂಬಣ್ಣ ಹೋದ.

ಆ ಕಡೆಯ ದಂಡೆಯಲ್ಲಿ ಜಾಲಿಗಿಡಗಳಿದ್ದವು, ಒಂದು ಬಂಡೆಯಿತ್ತು, ಕೊರಮೀನೂ ಚೆನ್ನಾಗಿ ಸಿಗುತ್ತಿತ್ತು. ಮನುಷ್ಯರಿರಲಿಲ್ಲ. ಏರಿಯ ಮೇಲೆ ಯಾರೋ ಹಾಸ್ಯ ಮಾಡಿದರೆ ನಗು ನೀರಿನ ಮೇಲೆ ಹಾದು ಬರುತ್ತಿತ್ತು, ಯಾವುದಕ್ಕೆ ನಕ್ಕರೆಂಬುದು ಬರುತ್ತಿರಲಿಲ್ಲ. ಜಂಬಣ್ಣ ಸುಮ್ಮನೆ ತಾನೂ ನಗುತ್ತಿದ್ದ.

ಅವನ ಹುಳವನ್ನು ಹುಳವೆಂದು ಗೌರವಿಸಿದವನು ಒಬ್ಬನೇ, ಬಸ್‌ಸ್ಟ್ಯಾಂಡಿನ ಸೈಕಲ್ ಅಂಗಡಿಯ ಬಂದೇನವಾಜ್. ಪರದೇಶದ ಹುಳ ಕೊರಮೀನಿನ ಹಲ್ಲಿಗೆ ಸಿಕ್ಕಿ ಚೂರಾದಾಗ, ಅವನು ಸೈಕಲ್ಲಿನ ಕೆಂಪು ವಾಲ್‌ಟ್ಯೂಬ್ ಕತ್ತರಿಸಿ ಗಾಳಕ್ಕೆ ತೊಡಿಸಿಕೊಟ್ಟ. ಸೈಕಲ್ಲಿಗೆ ಉಸಿರು ಹಿಡಿಯುವ ವಸ್ತು ಜಂಬಣ್ಣನಿಗೂ ಉಸಿರಾಯಿತು. ದಾರದ ಮುರಿಗೂ ಅವನೇ ಮದ್ದು ಕಂಡುಹಿಡಿದ.

"ಅರೇ ಭಾಯಿ, ಹುಳಕ್ಕ ತಿರಗೋ ಚಾಳಿ ಅದ ಅಂದ್ರ ತಿರಗಲಿ ಬಿಡು. ದಾರಕ್ಯಾಕ ಆ ಶಿಕ್ಷಾ? ನಡುವ ಒಂದು ತಿರುಗಣಿ ಹಾಕು."

ತಿರುಗಣಿ ಎಲ್ಲಿಂದ ಬರಬೇಕು? ಐಬಿಯ ಕೋಣೆಯ ಕೀಲಿಕೈ ಸರಪಳಿಯಲ್ಲಿ ಪುಟ್ಟ ಹಿತ್ತಾಳೆಯದೊಂದು, ಒಂದು ತುದಿ ನಿಂತಿದ್ದರೂ ಇನ್ನೊಂದು ತುದಿ ತಿರುಗುವಂಥದು, ಇತ್ತು. ಮಾರನೆಯ ದಿನದಿಂದ ಆ ಕೀಲಿಕೈ ಸುತಳಿಯಲ್ಲಿ ತೂಗಾಡಿತು, ಸರ್ಕಾರದ ತಿರುಗಣಿ ಕೆರೆಯಲ್ಲಿ ತಿರುಗಿತು. ದಾರ ನೆಟ್ಟಗೆ ಹೋಗಿ ನೆಟ್ಟಗೆ ಬಂತು.

ಜಂಬಣ್ಣ ಸಂತೋಷದಿಂದ ಏರಿಗೆ ಬಂದು, "ಇನ್ಮ್ಯಾಲ ಸಿಕ್ಕಾಗಂಗಿಲ್ರೀ. ನಾನೂ ಇಲ್ಲೇ ಕುಂದ್ರಲೇನು?" ಎಂದು ಕೇಳಿದ.

ಅವರೇನೂ ಬೈಯಲಿಲ್ಲ. ಆದರೆ ಅವನ ಜಾಗದಲ್ಲಿ ಬೇರೊಬ್ಬ ಕೂತಿದ್ದ. "ನಿನಗ ಆ ಕಡೀನ ಛಲೋ ಅಲ್ಲೇನಪಾ? ಮೀನ ಅಲ್ಲೇ ಅದಾವ," ಎಂದು ಪ್ರೀತಿಯಿಂದಲೇ ಹೇಳಿದರು. ದಾರದ ಮುರಿ ಬಿಚ್ಚಿತ್ತು. ಮಂದಿಯ ನಡುವೆ ತಿರುಗಣಿ ಹಾಕುವವರು ಯಾರೂ ಇರಲಿಲ್ಲ. ಜಂಬಣ್ಣ ಮತ್ತೆ ಜಾಲಿಗಿಡದ ಕಡೆ ನಡೆದ. ಕೆಲ ವರ್ಷಗಳಲ್ಲಿ ಬಂದೇನವಾಜನೂ ರಾಯಚೂರಿನ ಸ್ಟೇಶನ್ ರಸ್ತೆಗೆ ಅಂಗಡಿ ಸಾಗಿಸಿದ. ಒಮ್ಮೆ ಜಂಬಣ್ಣ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ಅವನನ್ನು ನೋಡಲು ಹೋದ. ಪಂಕ್ಚರ್ ಹಾಕಿಸಲು ನಿಂತವರ ಗದ್ದಲದಲ್ಲಿ ಬಂದೇನವಾಜ್ ಚಹಾ ತರಿಸಿಕೊಟ್ಟ, ಒಂದು ಮುಷ್ಟಿ ವಾಲ್‌ಟ್ಯೂಬ್ ಕೊಟ್ಟ. ಕೂತು ಮಾತಾಡಲು ಅವನಿಗೆ ಪುರಸೊತ್ತಿರಲಿಲ್ಲ.

ಇತ್ತ ದೇವದುರ್ಗದ ಚಹಾದಂಗಡಿಗಳು ಜಂಬಣ್ಣನ ಬಾಳಿಗೆ ಬೇರೆಯದೇ ಕಾರಣ ಕಟ್ಟಿದ್ದವು. ಅಯ್ಯಮ್ಮ ತೋರಿಸಿದ ಹೆಣ್ಣುಗಳಿಗೆಲ್ಲ ಅವನು "ನೋಡೋಣ್ರೀ" ಎಂದು ಜಾರಿಕೊಳ್ಳುತ್ತಿದ್ದನಷ್ಟೆ. ಅದಕ್ಕೆ ಊರು, "ಕುರ್ಡಿ ಹುಡುಗಿನ್ನ ಹೊರಸಿನ ಕೆಳಗಿಂದ ಒಮ್ಮಿ ನೋಡ್ಯಾನ. ಮುಖ ಹೆಂಗ ಅರಳಿತ್ತಂತ! ಆ ಮುಖಾನ ಇವಗ ಗಾಳ ಆತು ನೋಡು," ಎಂದಿತು. ಗಾಳದವನನ್ನು ಗಾಳಿಸುದ್ದಿ ಹಿಡಿಯಿತು. ಜಂಬಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಖಾಲಿ ಐಬಿಯಲ್ಲಿ ಒಬ್ಬನೇ ರೊಟ್ಟಿ ಮುರಿಯುವಾಗ, ಹೆಣ್ಣೊಬ್ಬಳಿರುವ ಸುದ್ದಿ ತನ್ನ ಹೆಸರಿನ ಜೊತೆ ಊರಲ್ಲಿ ಓಡಾಡುತ್ತಿದೆಯೆಂಬುದೇ ಅವನಿಗೆ ಮನೆಗೆ ಯಾರೋ ಬಂದಷ್ಟು ಆಗುತ್ತಿತ್ತು.

ಎಂಬತ್ತರ ದಶಕದ ನಡುವೆ ಆ ಹೆಣ್ಣು ನಿಜವಾಗಿಯೂ ದೇವದುರ್ಗಕ್ಕೆ ಬಂದಳು. ಆದೆಮ್ಮನನ್ನು ಮಟಮಾರಿಗೆ ಕೊಟ್ಟಿದ್ದರು. ಗಂಡ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ತೀರಿಕೊಂಡ. ಮಕ್ಕಳಿರಲಿಲ್ಲ. ಇಲ್ಲಿಯ ಹುಡುಗರ ಹಾಸ್ಟೆಲ್ಲಿನಲ್ಲಿ ಅಡುಗೆಯವಳಾಗಿ ಸೇರಿದಳು. ಅವಳು ಬಂದ ವಾರದಲ್ಲೇ ಊರು ಕಟ್ಟಿದ ಕತೆ ಅವಳ ಕಿವಿಗೂ ಬಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವಳು ಜಾಲಿಗಿಡದ ದಂಡೆಗೆ ಬಂದು ನಿಂತಳು. "ಹುಳದ ಜಂಬಣ್ಣ ಅಂದ್ರ ನೀವ ಏನ್ರೀ?"

"ಹೌದ್ರೀ," ಎಂದ ಜಂಬಣ್ಣ. "ಕುಂದರ್ರಿ. ಕಲ್ಲು ಕಾದಾದ, ಈ ಟವಲ್ ಹಾಸ್ಕೊಳ್ರಿ."

ಆಮೇಲೆ ಭಾನುವಾರಗಳಿಗೆ ಬೇರೆ ಬಣ್ಣ ಬಂತು. ಆದೆಮ್ಮ ಹಾಸ್ಟೆಲ್ಲಿನ ಹುಡುಗರ ಕತೆ ಹೇಳುತ್ತಿದ್ದಳು. ಜಂಬಣ್ಣ ಹುಳ ಎಳೆಯುತ್ತ ಕೇಳುತ್ತಿದ್ದ. ಗಾಳಕ್ಕೆ ಟ್ಯೂಬ್ ತೊಡಿಸಿ ಬಾಗು ಕೊಡುವುದನ್ನು ಅವಳಿಗೂ ಕಲಿಸಿದ. "ಇಷ್ಟ ಬಗ್ಗಿದ್ರ ಸಾಕೇನ್ರೀ, ಇಲ್ಲಾ ನಮ್ಮ ವಾರ್ಡನ್ ಮುಂದ ನಾ ಬಗ್ಗಿದಂಗ ಬಗ್ಗಬೇಕೇನ್ರೀ?" ಎಂದು ಅವಳು ಕೇಳಿದಾಗ ಜಂಬಣ್ಣ ಎಷ್ಟು ಜೋರಾಗಿ ನಕ್ಕನೆಂದರೆ, ಏರಿಯ ಮೇಲಿನವರೆಲ್ಲ ತಿರುಗಿ ನೋಡಿದರು. ಈ ಸಲ ಯಾವುದಕ್ಕೆ ನಕ್ಕರೆಂಬುದು ಅವರಿಗೆ ತಿಳಿಯಲಿಲ್ಲ. ಗಾಳ ಎಸೆಯುವ ಮೊದಲು ಕಾಲುದಾರಿಯ ಕಡೆ ಒಮ್ಮೆ ನೋಡುವುದು ಜಂಬಣ್ಣನಿಗೆ ರೂಢಿಯಾಯಿತು. ಅವಳು ಬಾರದ ದಿನ ಕೊರಮೀನು ಕಚ್ಚಿದರೂ ಅವನಿಗೆ ಯಾರೋ ತಪ್ಪು ಬಾಗಿಲು ಬಡಿದಂತೆ ಅನಿಸುತ್ತಿತ್ತು.

ಬೇಸಿಗೆ ರಜೆ ಬಂತು, ಹಾಸ್ಟೆಲ್ ಮುಚ್ಚಿತು. ಆ ಭಾನುವಾರ ಆದೆಮ್ಮ ಬಂಡೆಯ ಮೇಲೆ ಟವಲ್ ಹಾಸಿ ಕೂತಳು.

"ಮಟಮಾರಿಯಿಂದ ಮೈದುನ ಬಂದಾನ," ಎಂದಳು. "ನನ್ನ ಹುಡುಗರನ್ನ ನೋಡ್ಕೊಂಡು ನಮ್ಮ ಮನ್ಯಾಗ ಇರು, ಊರೂರು ಅಡಗಿ ಮಾಡ್ಕೊಂಡು ಯಾಕ ತಿರಗ್ತಿ ಅಂತಾನ. ನಾಳಿ ಬಸ್ಸಿಗೆ ಹೊಂಟಾನ. ನಾ ಏನೂ ಹೇಳಿಲ್ಲ ಇನ್ನ."

ಜಂಬಣ್ಣ ದಾರ ಎಳೆಯುವುದನ್ನು ನಿಲ್ಲಿಸಿದ. ಈಜುತ್ತಿದ್ದ ಹುಳ ಮೆಲ್ಲಗೆ ಕೆಸರಿಗೆ ಇಳಿಯಿತು. ಹೋಗಬೇಡಿರಿ ಎನ್ನಬೇಕೆಂದು ಅವನಿಗೆ ಅನಿಸಿತು. ಆದರೆ ಅಷ್ಟು ವರ್ಷ ಬಂದುಹೋಗುವವರ ಬಾಗಿಲು ಕಾದವನಿಗೆ 'ಬರ್ರಿ' ಎನ್ನುವುದು ಗೊತ್ತಿತ್ತು, 'ಹೋಗಿ ಬರ್ರಿ' ಎನ್ನುವುದು ಗೊತ್ತಿತ್ತು. 'ಇರ್ರಿ' ಎಂದು ಯಾರಿಗೂ ಹೇಳಿದ ರೂಢಿಯಿರಲಿಲ್ಲ.

"ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ," ಎಂದಳು ಆದೆಮ್ಮ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಊರಾಗಿನ ಮಾತು ಬಿಡ್ರಿ, ನಾನ ಕಣ್ಣಾರೆ ನೋಡೀನಿ. ಲಗ್ನ ಆದ ಮ್ಯಾಲೂ ಅದು ನೆಪ್ಪಾಗ್ತಿತ್ತು. ನನ್ನ ಕಂಡು ಹಂಗ ಮುಖ ಅರಳಿಸಿದವ್ರು ಆಮ್ಯಾಲ ಯಾರೂ ಸಿಗಲಿಲ್ಲ. ಅವತ್ತ ಹೊರಸಿನ ಕೆಳಗಿಂದ ನೋಡಿದ್ರಲ್ಲ, ಏನು ಕಂಡಿದ್ರಿ ನನ್ನಾಗ?"

ಏರಿಯ ಮೇಲೆ ಯಾರೋ ನಕ್ಕರು. ಅವಳಿಗೆ ಯಾವ ಉತ್ತರ ಬೇಕಾಗಿದೆಯೆಂಬುದು ಜಂಬಣ್ಣನಿಗೆ ತಿಳಿಯುತ್ತಿತ್ತು. ಊರೇ ಅದನ್ನು ಕಟ್ಟಿ ಸಿದ್ಧಮಾಡಿ ಕೊಟ್ಟಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಅವನು ದಾರವನ್ನು ಒಮ್ಮೆ ಬಿಗಿ ಮಾಡಿದ, ಸಡಿಲ ಬಿಟ್ಟ.

"ನಿಮ್ಮ ಮುಖ ನೋಡಿಲ್ರೀ," ಎಂದ. "ಹುಳ ಸಿಕ್ಕಿತ್ತು. ನಿಮ್ಮ ಕಾಲ ಹೆಬ್ಬೆರಳ ಹತ್ರ ಬಿದ್ದಿತ್ತು."