ಧ್ವನಿ ಎಲ್ಲಿಗೆ ಹೋಗ್ತಿದೆ ನೋಡಿ

ಅವನ ನಿಜವಾದ ಹೆಸರು ಹೇಳಿ ಕೇಳಿದರೆ ಆ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸೌಂಡಣ್ಣ ಎಂದರೆ ಸಾಕು, ಟೈರ್ ಅಂಗಡಿಯವನಿಂದ ಹಿಡಿದು ಕ್ಷೌರದ ಅಂಗಡಿಯವನವರೆಗೆ ಎಲ್ಲರೂ ಒಂದೇ ಕಡೆ ಕೈ ತೋರಿಸುತ್ತಾರೆ. ಕಾರುಗಳಿಗೆ ಸ್ಪೀಕರು, ಸ್ಕ್ರೀನು, ಕ್ಯಾಮೆರಾ ಕೂರಿಸಿಕೊಡುವ ಅಂಗಡಿ ಅವನದು. ಒಂದು ಕಾರು ನಿಲ್ಲುವಷ್ಟು ಜಾಗ, ಗೋಡೆಯ ತುಂಬ ಬಣ್ಣಬಣ್ಣದ ವೈರು, ಮೂಲೆಯಲ್ಲಿ ಒಂದು ಕಾಲು ಕುಂಟುವ ಸ್ಟೂಲು. ಸ್ಟೂಲಿನ ಮೇಲೆ ಗಿರಾಕಿ ಕೂತರೆ ಉಪನ್ಯಾಸ ಶುರುವಾಯಿತೆಂದೇ ಲೆಕ್ಕ.

ಈಚೆಗೆ ಬರುವವರಲ್ಲಿ ಅರ್ಧಕ್ಕರ್ಧ ಜನರದು ಒಂದೇ ಗೋಳು. ಬ್ಲೂಟೂತ್‌ನಲ್ಲಿ ಹಾಡು ಕಿವಿ ಹರಿಯುವ ಹಾಗೆ ಬರುತ್ತದೆ, ಫೋನ್ ಬಂದರೆ ಮಾತ್ರ ಆಚೆಯವರು ಬಾವಿಯೊಳಗಿಂದ ಮಾತಾಡಿದ ಹಾಗಿರುತ್ತದೆ.

"ಹಾಡಿನ ವಾಲ್ಯೂಮ್ ಬೇರೆ ಸಾರ್, ಮಾತಿನ ವಾಲ್ಯೂಮ್ ಬೇರೆ. ಹಾಡು ಹಾಕ್ಕೊಂಡು ಎಷ್ಟು ತಿರುಗಿಸಿದ್ರೂ ಮಾತು ಜಾಸ್ತಿ ಆಗಲ್ಲ. ಯಾರಿಗಾದ್ರೂ ಫೋನ್ ಮಾಡಿ, ಅವರು ಮಾತಾಡ್ತಿರುವಾಗ್ಲೇ ಏರಿಸಬೇಕು" ಎಂದು ಅವನು ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ತಿದ್ದಿಸುತ್ತಿದ್ದ. ಅದಕ್ಕೂ ಮೊದಲು ಕೇಳುವ ಮಾತು ಒಂದಿತ್ತು. "ಧ್ವನಿ ಎಲ್ಲಿಗೆ ಹೋಗ್ತಿದೆ ನೋಡಿದ್ರಾ? ಫೋನ್ ಕೈಯಲ್ಲಿದ್ರೆ ಧ್ವನಿನೂ ಕೈಯಲ್ಲೇ ಇದೆ ಅಂದ್ಕೋಬೇಡಿ."

ಆಮೇಲೆ ತನ್ನ ಇಷ್ಟದ ಕಥೆ. ಯಾರೋ ಒಬ್ಬರು ಹಜಾರದಲ್ಲಿ ಫೋನ್ ಹಿಡಿದು ಹಲೋ ಹಲೋ ಎನ್ನುತ್ತಿದ್ದರಂತೆ. ಅವರ ಮೇಲಧಿಕಾರಿ ಮಾತ್ರ ಬೀದಿಯಲ್ಲಿ ನಿಂತ ಅವರದೇ ಕಾರಿನ ಸ್ಪೀಕರಿನೊಳಗಿಂದ ಅವರ ಮಾನ ಹರಾಜು ಹಾಕುತ್ತಿದ್ದರಂತೆ, ನೆರೆಹೊರೆಯವರೆಲ್ಲ ಕೇಳುವ ಹಾಗೆ. ಹೇಳಿದಾಗಲೆಲ್ಲ ಸೌಂಡಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಫೋನ್ ಹಿಡಿದಿದ್ದವರ ಮುಖ ಆಗ ಹೇಗಿದ್ದಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಗಿರಾಕಿಗಳ ಹತ್ತಿರ ಇದ್ದ ಈ ತಾಳ್ಮೆ ಅತ್ತಿಗೆಯ ಹತ್ತಿರ ಎಲ್ಲಿ ಮಾಯವಾಗುತ್ತಿತ್ತೋ. ಅತ್ತಿಗೆ ಎಂದರೆ ಹೆಸರಿಗೆ ಅತ್ತಿಗೆ, ನಿಜಕ್ಕೆ ತಾಯಿ. ಅಪ್ಪ ಅಮ್ಮ ಹೋದ ಮೇಲೆ ಅಣ್ಣನೂ ಬೇಗ ಹೋದ. ಆಗ ಅವಳು ಮೈದುನನನ್ನು ಓದಿಸಲು ಮಗ್ಗದ ಶೆಡ್ಡಿಗೆ ಕೆಲಸಕ್ಕೆ ಸೇರಿದಳು. ಸಾಲು ಸಾಲು ಯಂತ್ರಗಳು ಬೆಳಗಿಂದ ಸಂಜೆಯವರೆಗೆ ಬಡಿಯುತ್ತಿದ್ದವು. ಅಲ್ಲಿ ಮಾತೆಂದರೆ ಕೂಗು. ವರ್ಷಗಳು ಕಳೆದ ಹಾಗೆ ಅವಳ ಕಿವಿ ಹೋಯಿತು, ಕೂಗು ಉಳಿಯಿತು. ಅವನು ರೇಡಿಯೋ ರಿಪೇರಿ ಕಲಿತದ್ದು ಆ ಶೆಡ್ಡಿನ ದುಡಿಮೆಯಲ್ಲಿ. ಇದನ್ನು ಅವನು ಮರೆತಿರಲಿಲ್ಲ. ನೆನಪಿಟ್ಟುಕೊಂಡೇ ನಾಚಿಕೆಪಡುತ್ತಿದ್ದ, ಅದು ಇನ್ನೂ ಕೆಟ್ಟದ್ದು. ನಾಲ್ಕು ಜನರ ನಡುವೆ ಅವಳು ಬಾಯಿ ತೆರೆದರೆ ಸಾಕು, ಅವಳ ತೋಳು ಜಗ್ಗಿ, "ಮೆಲ್ಲಗೆ ಅತ್ತಿಗೆ, ಜನ ನೋಡ್ತಾರೆ" ಎನ್ನುತ್ತಿದ್ದ.

ಸೌಂಡಣ್ಣನ ಮಗಳ ಮದುವೆ ಗೊತ್ತಾಯಿತು. ಹುಡುಗನ ತಂದೆ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲೂ ಅದೇ ಅಭ್ಯಾಸ, ಚಮಚ ಬಟ್ಟಲಿಗೆ ತಗುಲಿದರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊದಲ ಸಲ ಅವರ ಮನೆಗೆ ಹೋದಾಗ ಅತ್ತಿಗೆ ಅವನ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, "ಹುಡುಗ ಒಳ್ಳೆಯವನೇ ಕಣೋ, ಆದ್ರೆ ಇವರು ಅವನಿಗೆ ಊಟ ಸರಿಯಾಗಿ ಹಾಕಿಲ್ಲ!" ಎಂದಳು. ಆ ಗುಟ್ಟು ಪಕ್ಕದ ಮನೆಗೂ ಮುಟ್ಟಿತು. ಹುಡುಗ ನಕ್ಕ. ಹುಡುಗನ ತಾಯಿ ನಗಲಿಲ್ಲ. ಸೌಂಡಣ್ಣನಿಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

ಅಂದೇ ಅವನ ತಲೆಯಲ್ಲಿ ಆ ಉಪಾಯ ಹುಟ್ಟಿತು. ಮದುವೆ ರಿಜಿಸ್ಟರ್ ಆಫೀಸಿನಲ್ಲಿ, ಸಾಕ್ಷಿಗೆ ಬೇಕಾದ ನಾಲ್ಕೇ ಜನ, ಯಾರನ್ನೂ ಕರೆಯುತ್ತಿಲ್ಲ ಎಂದು ಅತ್ತಿಗೆಗೆ ಹೇಳಿಬಿಡುವುದು. ಹೆಂಡತಿ ಅವನನ್ನೇ ದಿಟ್ಟಿಸಿ ನೋಡಿ, "ಆ ಮಾತು ನನ್ನ ಬಾಯಲ್ಲಿ ಬರಲ್ಲ, ಅಕ್ಕನಿಗೆ ನೀವೇ ಹೇಳ್ಕೊಳ್ಳಿ" ಎಂದಳು.

ಹೇಳಲೆಂದೇ ಅವನು ಒಂದು ದಿನ ಅತ್ತಿಗೆಯ ಮನೆಗೆ ಹೋದ. ಹೋದರೆ ಅವಳು ಹೊರಟು ನಿಂತಿದ್ದಳು. "ಕನ್ನಡಕದ ಅಂಗಡಿಗೆ ಕರ್ಕೊಂಡು ಹೋಗೋ. ಹೊಸ ಗಾಜು ಹಾಕಿಸ್ಬೇಕು. ಕಿವಿ ಅಂತೂ ಇಲ್ಲ, ನಮ್ಮ ಹುಡುಗಿ ಮದುವೆ ಕಣ್ತುಂಬಾ ನೋಡೋದಾದ್ರೂ ಬೇಡ್ವಾ!" ಬೀದಿಯ ಆ ತುದಿಯವರೆಗೂ ಕೇಳಿಸಿತು. ನಾಲಿಗೆಯ ತುದಿಗೆ ಬಂದಿದ್ದ ಸುಳ್ಳನ್ನು ಅವನು ನುಂಗಿಕೊಂಡ. ದಾರಿಯಲ್ಲಿ ಹೇಳಿದರಾಯಿತು ಎಂದುಕೊಂಡು ಕಾರು ತೆಗೆದ.

ದಾರಿಯಲ್ಲೂ ಹೇಳಲಿಲ್ಲ. ವೈರು ತರುವ ನೆಪ ಮಾಡಿಕೊಂಡು ಒಂದು ಸಗಟು ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಬಿಸಿಲಿತ್ತು. ಅತ್ತಿಗೆಗೆ ಸೆಕೆಯಾಗದಿರಲಿ ಎಂದು ಎಸಿ ಹಾಗೇ ಬಿಟ್ಟು, ಗಾಜು ಏರಿಸಿ, ಇಳಿದುಹೋದ. ಪಕ್ಕದಲ್ಲೇ ಕಬ್ಬಿಣ ಕೊಯ್ಯುವ ಶೆಡ್ಡು ಕಿರ್ರೆನ್ನುತ್ತಿತ್ತು. ಕೌಂಟರ್ ಮುಂದೆ ನಿಂತಾಗ ಹೆಂಡತಿಯ ಫೋನ್ ಬಂತು.

"ಹಲೋ" ಎಂದ. ಉತ್ತರವಿಲ್ಲ. ಕಬ್ಬಿಣದ ಗದ್ದಲಕ್ಕೆ ಕೇಳಿಸುತ್ತಿಲ್ಲವೆಂದು ಫೋನಿನ ಪಕ್ಕದ ಗುಂಡಿ ಒತ್ತಿದ. ಆಗಲೂ ಇಲ್ಲ. ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡು ಮತ್ತೆ ಒತ್ತಿದ, ಕೊನೆ ಮುಟ್ಟುವವರೆಗೆ ಒತ್ತಿದ. ದಿನಾ ಊರವರಿಗೆಲ್ಲ ಕೇಳುವ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಳ್ಳಲಿಲ್ಲ.

ಧ್ವನಿ ಕಾರಿನಲ್ಲಿತ್ತು. ಹೆಂಡತಿಗೆ ಇವನ ದನಿ ಹೋಗುತ್ತಿರಲಿಲ್ಲ. "ಮಾತಾಡಕ್ಕಾಗ್ತಿಲ್ವಾ? ಅಕ್ಕ ಹತ್ತಿರದಲ್ಲೇ ಇದ್ದಾರಾ? ಸರಿ, ಬರೀ ಕೇಳಿಸ್ಕೊಳ್ಳಿ" ಎಂದು ಅವಳು ಮುಂದುವರಿಸಿದ್ದಳು. ಅದನ್ನು ಅವಳು ಹೇಳಿ ಅವನಿಗೆ ಗೊತ್ತಾದದ್ದು ಆಮೇಲೆ. ಸಾಮಾನ್ಯ ದನಿಯಾಗಿದ್ದರೆ ಅತ್ತಿಗೆಗೆ ಏನೂ ಕೇಳುತ್ತಿರಲಿಲ್ಲ. ಗುಂಡಿ ಒತ್ತಿ ಒತ್ತಿ ಅವಳ ಕಿವಿಗೆ ಮುಟ್ಟಿಸಿದವನು ಇವನೇ.

ಕಬ್ಬಿಣದ ಸದ್ದು ನಿಂತ ಗಳಿಗೆಯಲ್ಲಿ ಅಂಗಡಿಯವನು ವೈರಿನ ಸುರುಳಿ ಕೆಳಗಿಟ್ಟು ಬೀದಿಯ ಕಡೆ ನೋಡಿದ. "ಅದು ನಿಮ್ ಕಾರಲ್ವಾ? ಯಾರೋ ಜೋರಾಗಿ ಮಾತಾಡ್ತಿದ್ದಾರೆ."

ಸೌಂಡಣ್ಣ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಪರದೆಯಲ್ಲಿ ಕರೆಯ ಕೆಳಗೆ, ಬ್ಲೂಟೂತ್ ಗುರುತಿನ ಜೊತೆ, ತನ್ನ ಕಾರಿನ ಹೆಸರಿತ್ತು. ಓಡಿದ.

ಬಾಗಿಲು ತೆರೆದಾಗ, ಅವನೇ ಆರಿಸಿ ಕೂರಿಸಿದ್ದ ಸ್ಪೀಕರುಗಳಲ್ಲಿ ಹೆಂಡತಿಯ ದನಿ ಒಂದಿಷ್ಟೂ ಒಡೆಯದೆ, ಸ್ಪಷ್ಟವಾಗಿ ಬರುತ್ತಿತ್ತು. "ಹಾಲ್‌ನವರು ಎಷ್ಟು ಕುರ್ಚಿ ಅಂತ ಕೇಳ್ತಿದ್ದಾರೆ. ಊರಿಗೆಲ್ಲ ಕುರ್ಚಿ ಹಾಕಿಸಿ ಅಕ್ಕನಿಗೆ ಮಾತ್ರ ರಿಜಿಸ್ಟರ್ ಆಫೀಸು ಅಂತ ಹೇಳೋದಾ? ಬೀಗರ ಮುಂದೆ ಅವರ ಗಂಟಲು ಕೇಳಿದ್ರೆ ಮಾನ ಹೋಗುತ್ತೆ ಅಂತೀರಲ್ಲ, ಆ ಗಂಟಲು ಯಾರಿಗೋಸ್ಕರ ಹಾಗಾಯ್ತು ರೀ? ಹಲೋ? ಕೇಳಿಸ್ತಾ?"

"ಕೇಳಿಸ್ತು ಕಣಮ್ಮ" ಎಂದಳು ಅತ್ತಿಗೆ.

ಮರುಕ್ಷಣ ಕರೆ ಕಟ್ಟಾಯಿತು.

ಅವನು ಒಳಗೆ ಕೂತ. ಕಾರು ಹೊರಡಿಸಿದ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ, ಮಡಿಲಲ್ಲಿದ್ದ ಹಳೆಯ ಕನ್ನಡಕದ ಡಬ್ಬಿಯನ್ನಷ್ಟೇ ನೋಡಿದ. ವಾಪಸ್ ತಿರುಗಿಸು ಎಂದು ಅವಳು ಹೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬೇರೆ ದಿನವಾಗಿದ್ದರೆ ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬರುವವಳು ಇಂದು ಒಂದನ್ನೂ ಓದಲಿಲ್ಲ.

ಸಿಗ್ನಲ್‌ನಲ್ಲಿ ನಿಂತಾಗ ಅವಳ ತುಟಿ ಅಲ್ಲಾಡಿತು. ಅವನಿಗೆ ಕೇಳಿಸಲಿಲ್ಲ.

"ಏನಂದ್ರಿ ಅತ್ತಿಗೆ?"

ಮತ್ತೆ ಏನೋ ಹೇಳಿದಳು. ಈಗಲೂ ಕೇಳಿಸಲಿಲ್ಲ. ಎಸಿ ನಿಲ್ಲಿಸಿ, ಅವಳ ಕಡೆ ಬಾಗಿ ಕಿವಿಕೊಟ್ಟ. ಅವಳು ಎರಡು ಬೆರಳನ್ನು ಗಂಟಲ ಮೇಲೆ ಒತ್ತಿ ಹಿಡಿದಿದ್ದಳು. ತನ್ನ ದನಿ ತನಗೇ ಕೇಳದವಳು ಅದನ್ನು ಹಾಗೇ ಅಳೆದುಕೊಳ್ಳಬೇಕು.

"ಇಷ್ಟು ಸಣ್ಣಗೆ ಮಾತಾಡಿದ್ರೆ ಸಾಕೇನೋ?" ಎಂದಳು. "ಮದುವೆಗೆ ಬರಬಹುದಾ?"

ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಹೊಡೆದಾಗಲೇ ಎಚ್ಚರ. ಕಾರನ್ನು ಹೇಗೋ ಬದಿಗೆ ತಂದು ನಿಲ್ಲಿಸಿ ಹೆಂಡತಿಗೆ ಫೋನ್ ಮಾಡಿದ. ಅತ್ತಿಗೆಗೂ ಕೇಳಲಿ ಎಂದು ಮಾತಿನ ವಾಲ್ಯೂಮನ್ನು ಕೊನೆವರೆಗೂ ಏರಿಸಿಯೇ ಇಟ್ಟಿದ್ದ.

"ಅತ್ತಿಗೆ ಬರ್ತಾರೆ!" ಎಂದು ಕೂಗಿದ. "ಎಲ್ಲರಿಗಿಂತ ಮುಂದಿನ ಸಾಲಲ್ಲಿ ಕೂರ್ತಾರೆ, ಬಾಯ್ತುಂಬಾ ಮಾತಾಡ್ತಾರೆ. ಅವರಿಗೆ ನೀನೇ ಹೇಳು!"

"ಅಕ್ಕಾ..." ಎಂದು ಹೆಂಡತಿಯ ದನಿ ಕಾರು ತುಂಬಿತು. ಬದಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬಾಕೆ ತಿರುಗಿ ನೋಡಿದಳು.

ಅತ್ತಿಗೆ ಅದನ್ನು ಕಂಡಳು. ಬೇಗ ಕೈ ಚಾಚಿ ಸ್ಟೀರಿಯೋದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು, ಅವನು ತಡೆಯುವಷ್ಟರಲ್ಲಿ ಹೆಂಡತಿಯ ದನಿ ಪಿಸುಮಾತಿನಷ್ಟಕ್ಕೆ ಇಳಿದಿತ್ತು.

"ಮೆಲ್ಲಗೆ ಕಣೋ" ಎಂದಳು, ಗಂಟಲ ಮೇಲಿನ ಬೆರಳು ತೆಗೆಯದೆ. "ಜನ ನೋಡ್ತಾರೆ."

ಹೆಂಡತಿ ಇನ್ನೂ ಕರೆಯುತ್ತಲೇ ಇದ್ದಳು. ಅದು ಅವನಿಗೆ ಮಾತ್ರ ಕೇಳಿಸುತ್ತಿತ್ತು.