ವಶೀಲಿ ಇಲ್ಲದೆ ಸಿಕ್ಕ ನೌಕರಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುವವರು ಎರಡೇ ಥರ. ಮದುವೆ ಕಾರ್ಡ್ ಹಿಡಿದವರು, ಇಲ್ಲವೇ ಮಕ್ಕಳ ಮಾರ್ಕ್ಸ್ ಕಾರ್ಡ್ ಹಿಡಿದವರು. ಕಳೆದ ತಿಂಗಳು ಬಂದ ಅಮರಪ್ಪನವರ ಕೈಯಲ್ಲಿ ಎರಡೂ ಇರಲಿಲ್ಲ. ಕುರ್ಚಿ ತೋರಿಸಿದರೂ ಕೂರದೆ, ನಿಂತುಕೊಂಡೇ ಕೇಳಿದರು.

"ಸರ, ನೀವು ಒಂದ್ ಫೋನ್ ಮಾಡಬೇಕ್ರಿ."

ಅಮರಪ್ಪ ನೀರಮಾನ್ವಿಯವರು. ಕುರಿ ಸಾಕುವ ಮನೆತನ. ಮಗಳು ರೇಣುಕಾ ಮಾನ್ವಿಯ ನಮ್ಮ ಕಾಲೇಜಿನಲ್ಲಿ ಆಗತಾನೆ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದಿದ್ದಳು. ನಾನು ಅವಳಿಗೆ ಸಸ್ಯಶಾಸ್ತ್ರ ಹೇಳಿದ ಮೇಷ್ಟ್ರು. (ಅಂಕಣ ಬರೆಯುವುದು ನನ್ನ ಚಟ, ಪಾಠ ಹೇಳುವುದು ಕಸುಬು ಎಂದು ನಿಮಗೆ ಗೊತ್ತೇ ಇದೆ.) ರಾಯಚೂರಿನ ಒಂದು ಬೀಜ ಕಂಪನಿ ತನ್ನ ಲ್ಯಾಬಿಗೆ ಇಂಟರ್‌ವ್ಯೂ ಕರೆದಿತ್ತು. ಇದ್ದದ್ದು ಒಂದೇ ಪೋಸ್ಟ್. ಅಲ್ಲಿನ ಮ್ಯಾನೇಜರ್ ಬಸವರಾಜ ದೇವದುರ್ಗದವನು, ನನ್ನ ಹಳೆಯ ಶಿಷ್ಯ. ಈ ಸುದ್ದಿ ಅಮರಪ್ಪನವರ ಕಿವಿಗೆ ಅದು ಹೇಗೆ ಬಿತ್ತೋ!

"ಆಕಿ ಹುಷಾರ್ ಅದಾಳ. ಫೋನ್ ಯಾಕ ಬೇಕ್ರಿ?" ಅಂದೆ.

"ಹುಷಾರ್ ಇದ್ದೋರು ಊರ ತುಂಬ ಅದಾರ್ರಿ ಸರ. ವಶೀಲಿ ಇದ್ದೋರು ಎಷ್ಟ್ ಮಂದಿ?"

ಆಮೇಲೆ ಅಸಲು ಸಂಗತಿ ಹೊರಬಂತು.

"ಪರೀಕ್ಷಾ ಮುಗದಾವ, ಇನ್ನ ಲಗ್ನ ಮಾಡಿಬಿಡೂನು ಅಂತ ನಮ್ಮಣ್ಣ ಹಟ ಹಿಡದಾನ್ರಿ. ಆಕಿ ಕೈಯಾಗ ನೌಕರಿ ಇದ್ರ ನಾ ಅವನಿಗೆ ಎದುರು ಮಾತಾಡಬಹುದು. ಇಲ್ಲಂದ್ರ ನನ್ ಮಾತು ಮನ್ಯಾಗ ನಡಿಯಂಗಿಲ್ರಿ."

ಹೊರಡುವಾಗ ದನಿ ತಗ್ಗಿಸಿದರು. "ರೇಣುಕಾಗ ಗೊತ್ತಾಗಬಾರದ್ರಿ ಸರ. ಯಾರ ಕಡಿಂದನೂ ಹೇಳಿಸಬ್ಯಾಡಪ್ಪ ಅಂತ ಆಣಿ ಮಾಡಿಸ್ಯಾಳ."

ವಶೀಲಿಯ ವಿರುದ್ಧ ಇದೇ ಜಾಗದಲ್ಲಿ ನಾನು ಎಷ್ಟು ಬರೆದಿಲ್ಲ? ಆದರೂ ಆ ಮಧ್ಯಾಹ್ನವೇ ಫೋನ್ ಮಾಡಿದೆ. "ಬಸವರಾಜ, ರೇಣುಕಾ ಅಂತ ನಮ್ಮ ಹುಡುಗಿ ಒಬ್ಬಾಕಿ ಇಂಟರ್‌ವ್ಯೂಕ್ಕ ಬರಾಕತ್ತಾಳ. ಸ್ವಲ್ಪ ನೋಡು."

ಅಷ್ಟೇ. ನೋಡು ಅಂದೆನೇ ಹೊರತು ಕೊಡು ಅಂದೆನೇ? (ಮೇಷ್ಟ್ರುಗಳು ತಮ್ಮ ಮನಸ್ಸಾಕ್ಷಿಗೂ ಗ್ರೇಸ್ ಮಾರ್ಕ್ಸ್ ಹಾಕಿಕೊಳ್ಳುತ್ತಾರೆ.)

ಹತ್ತು ದಿನ ಬಿಟ್ಟು ಅಪ್ಪ, ಮಗಳು ಇಬ್ಬರೂ ಪೇಡೆ ತೆಗೆದುಕೊಂಡು ಬಂದರು. ರೇಣುಕಾಳ ಮಾತು ನಿಲ್ಲುತ್ತಲೇ ಇರಲಿಲ್ಲ.

"ಒದ್ದಿ ಕಾಗದದಾಗ ಹತ್ತಿ ಬೀಜ ಮೊಳಕಿ ಬರಿಸಿ ಇಟ್ಟಿದ್ರು ಸರ. ಚಲೋ ಸಸಿ ಯಾವು, ಸೊಟ್ಟ ಬೇರಿನವು ಯಾವು, ಬ್ಯಾರೆ ಮಾಡಂದ್ರು. ಒಂದೊಂದ ಎತ್ತಿ ನೋಡಿದೆ. ಎಲ್ಲಾ ಬ್ಯಾರೆ ಮಾಡಿದೆ. ಯಾರ ವಶೀಲಿನೂ ಇಲ್ಲದನ ನೌಕರಿ ಸಿಕ್ಕದ ಅಂತ ನಮ್ಮ ದೊಡ್ಡಪ್ಪನ ಮುಂದ ನಿಂತು ಹೇಳೀನ್ರಿ!"

ಅಮರಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನಾನೂ ಅದನ್ನೇ ನೋಡಿದೆ.

ಅವರು ಹೋದ ಮೇಲೆ ಥ್ಯಾಂಕ್ಸ್ ಹೇಳೋಣವೆಂದು ಬಸವರಾಜನಿಗೆ ಫೋನ್ ಹಚ್ಚಿದೆ. ಹಚ್ಚಬಾರದಿತ್ತು.

"ನೀವು ಹೇಳಿದ್ದು ಚಲೋ ಆತ್ರಿ ಸರ," ಅಂದ. "ಕೊನಿಗೆ ಇಬ್ಬರು ಉಳದಿದ್ರು. ಇನ್ನೊಬ್ಬಾಕಿ ಮಟಮಾರಿ ಹುಡುಗಿ. ಖರೇ ಹೇಳಬೇಕಂದ್ರ ಪ್ರಾಕ್ಟಿಕಲ್‌ನಾಗ ಆಕಿನ ಒಂದ್ ಕೈ ಮ್ಯಾಲಿದ್ಲು. ಯಾರನ್ನ ತಗೊಳ್ಳೋದಂತ ಕುಂತಿದ್ವಿ. ನಿಮ್ಮ ಮಾತು ನೆನಪಾತು. ಮುಗೀತು."

ಹೇಳಿ ನಕ್ಕ. ಗುರುವಿಗೆ ಉಪಕಾರ ಮಾಡಿದ ಶಿಷ್ಯನ ನಗು ಅದು.

ಆ ದಿನವೆಲ್ಲ ಒಂದೇ ಯೋಚನೆ. ಮಟಮಾರಿಯಲ್ಲೂ ಒಬ್ಬ ಅಪ್ಪ ಮಗಳಿಗಾಗಿ ಕಾಯುತ್ತಿದ್ದಿರಬೇಕು. ಆ ಮನೆಯಲ್ಲೂ ಒಬ್ಬ ದೊಡ್ಡಪ್ಪ ಇದ್ದಿರಬಹುದು. ಅಮರಪ್ಪನವರಿಗೆ ನಾನೊಬ್ಬ ಮೇಷ್ಟ್ರು ಸಿಕ್ಕೆ. ಮಟಮಾರಿಯ ಆ ಅಪ್ಪನಿಗೆ ಯಾರೂ ಸಿಗಲಿಲ್ಲ. ನಾವು ಒಬ್ಬರಿಗೆ ಸಹಾಯ ಮಾಡಿ ಎದೆ ಉಬ್ಬಿಸುವಾಗ, ಅದು ಯಾರ ಪಾಲಿನದು ಎಂದು ಎಂದಾದರೂ ಕೇಳಿಕೊಳ್ಳುತ್ತೇವೆಯೇ?

ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಕೆಲಸಕ್ಕೆ ಸೇರುವ ಮುಂಚೆ ರೇಣುಕಾ ಯಾವುದೋ ಸರ್ಟಿಫಿಕೇಟಿಗೆ ಕಾಲೇಜಿಗೆ ಬಂದಳು. ಕಾರಿಡಾರಿನಲ್ಲಿ ಜೂನಿಯರ್ ಹುಡುಗಿಯರು ಅವಳನ್ನು ಮುತ್ತಿಕೊಂಡಿದ್ದರು. "ನೀವು ನೆಟ್ಟಗ ಓದ್ರಿ ಸಾಕು. ಯಾರ ಕೈಕಾಲು ಹಿಡಿಯೋದು ಬ್ಯಾಡ," ಎಂದು ಅವರಿಗೆ ಹೇಳುತ್ತಿದ್ದಳು. ಅವರು ಕಣ್ಣರಳಿಸಿ ಕೇಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಸ್ಟಾಫ್ ರೂಮಿಗೆ ಕರೆದು ಎಲ್ಲ ಹೇಳಿಬಿಟ್ಟೆ. (ಅಮರಪ್ಪನವರ ಗುಟ್ಟು ನೀವು ರಟ್ಟು ಮಾಡಬಾರದಿತ್ತು ಎನ್ನುತ್ತೀರಾ? ಇರಬಹುದು.)

ಅವಳು ಅಳಲಿಲ್ಲ. "ನಮ್ಮಪ್ಪನ ಮ್ಯಾಲ ಸಿಟ್ಟಿಲ್ರಿ. ಅವಗ ಗೊತ್ತಿರೋದು ಅಷ್ಟ. ಆದ್ರ ನಿಮಗ ಸರ? ನಿಮಗೂ ನನ್ ಮ್ಯಾಲ ನಂಬಿಕಿ ಇರಲಿಲ್ಲೇನ್ರಿ?"

ಇಪ್ಪತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವನು ನಾನು. ಇಷ್ಟು ಕಷ್ಟದ ಪ್ರಶ್ನೆ ಯಾರಿಗೂ ಕೇಳಿರಲಿಲ್ಲ.

"ನೌಕರಿ ಬಿಡ್ತೀಯೇನವ್ವಾ?" ಅಂದೆ.

"ಹೆಂಗ ಬಿಡ್ಲಿರಿ? ಬಿಟ್ರ ಮುಂದಿನ ತಿಂಗಳ ಲಗ್ನ." ಬ್ಯಾಗು ಹೆಗಲಿಗೇರಿಸಿ ಎದ್ದಳು. ಬಾಗಿಲಲ್ಲಿ ತಿರುಗಿ ಕೇಳಿದಳು: "ಆ ಹುಡುಗಿ ಹೆಸರೇನ್ರಿ?"

"ನಾ ಕೇಳಲಿಲ್ಲವ್ವಾ."

ನನ್ನನ್ನು ಒಮ್ಮೆ ನೋಡಿ ಹೊರಟುಹೋದಳು.

ಈಗ ದಿನಾ ಬೆಳಿಗ್ಗೆ ರಾಯಚೂರಿನ ಬಸ್ ಹತ್ತುತ್ತಾಳೆ. ಮದುವೆಯ ಮಾತು ಸದ್ಯಕ್ಕೆ ನಿಂತಿದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ನನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ ಎಂಬ ಅಳುಕು ನನಗೆ. ಅವಳೇ ಹತ್ತಿರ ಬಂದಳು. ಬಿತ್ತನೆ ಸೀಜನ್ನಿಗೆ ಲ್ಯಾಬಿನಲ್ಲಿ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಾರಂತೆ.

"ಬಸವರಾಜಗ ಆ ಮಟಮಾರಿ ಹುಡುಗಿ ಬಗ್ಗೆ ಹೇಳಿದ್ಯೇನವ್ವಾ?" ಅಂದೆ. ಅಭ್ಯಾಸ ನೋಡಿ!

"ಇಲ್ರಿ ಸರ. ಸಾಹೇಬ್ರಿಗೆ ಏನೂ ಹೇಳಿಲ್ಲ. ಆಕಿ ನಂಬರ್ ಹುಡುಕಿ ಆಕಿಗೇ ಹೇಳೀನಿ, ಮತ್ತ ಅರ್ಜಿ ಹಾಕವ್ವಾ ಅಂತ. ಪ್ರಾಕ್ಟಿಕಲ್‌ನಾಗ ನನಗಿಂತ ನೀ ಚಲೋ ಮಾಡಿದ್ದಿ ಅಂತನೂ ಹೇಳೀನಿ."

ನನಗೆ ತಲೆ ಎತ್ತಲಾಗಲಿಲ್ಲ. ಇದನ್ನೆಲ್ಲ ಪೇಪರಿಗೆ ಬರೆಯಲೇ ಎಂದು ಕೇಳಿದೆ.

"ಬರೀರಿ," ಅಂದಳು. "ಆದ್ರ ಮಟಮಾರಿ ಹುಡುಗಿ, ಮಟಮಾರಿ ಹುಡುಗಿ ಅಂತ ಬರಿಬ್ಯಾಡ್ರಿ ಸರ. ಆಕಿಗೊಂದು ಹೆಸರದ, ಶಿವಲೀಲಾ ಅಂತ."