ಬಾಟಲಿ ಬೇರೆ, ವಿಷ ಅದೇ

ಬಾಗೇವಾಡಿಯ ಕೀಟನಾಶಕದ ಅಂಗಡಿಯಲ್ಲಿ ನನ್ನ ಹೆಂಡತಿ ಶಾಂತವ್ವ ಎಲೆಕೋಸಿನ ಎಲೆಯೊಂದನ್ನು ಟೇಬಲ್ ಮೇಲೆ ಹರವಿಟ್ಟಳು. ಜರಡಿಯಂತಾಗಿದ್ದ ಆ ಎಲೆಯ ಮೇಲೆ ಹಸಿರು ಹುಳಗಳು ಹರಿದಾಡುತ್ತಿದ್ದವು. ಅಲ್ಲಿಂದಲೇ ಒಯ್ದ ಔಷಧವನ್ನು ಆ ತಿಂಗಳು ನಾಲ್ಕು ಸಲ ಹೊಡೆದಿದ್ದೆವು. ತೊಂಬತ್ತೆಂಟರ ಮಾತಿದು.

ಅಂಗಡಿಯವ ನಕ್ಕು ಬೇರೊಂದು ಬಾಟಲಿ ಮುಂದಿಟ್ಟ. "ಇದು ಹೊಸಾದು ಬಂದೈತ್ರಿ. ಡಬಲ್ ಹಾಕಿ ಹೊಡೀರಿ."

ನಾನು ಬಾಟಲಿ ಎತ್ತಿಕೊಳ್ಳಲು ಹೋದೆ. ಹತ್ತನೆಯವರೆಗೆ ಓದಿದ ಶಾಂತವ್ವ ತಡೆದಳು. ಮನೆಯಿಂದ ತಂದಿದ್ದ ಖಾಲಿ ಬಾಟಲಿಯನ್ನು ಪಕ್ಕಕ್ಕಿಟ್ಟು, ಎರಡರ ಮೇಲಿನ ಸಣ್ಣ ಅಕ್ಷರಗಳನ್ನೂ ಬೆರಳಿಟ್ಟು ಓದಿದಳು. ಕಂಪನಿ ಬೇರೆ, ಬಣ್ಣ ಬೇರೆ, ಒಳಗಿನ ವಿಷ ಮಾತ್ರ ಒಂದೇ!

"ಇದನ್ನ ಉಂಡುಂಡ ಹುಳ ಗಟ್ಟಿ ಆಗ್ಯಾವ್ರಿ. ಮತ್ತ ಇದನ್ನ ಡಬಲ್ ಹಾಕ್ರಿ ಅಂತೀರಲ್ಲ, ಈ ಕೋಸು ನಿಮ್ಮ ಮನ್ಯಾಗ ಉಣ್ತೀರೇನು?" ಎಂದಳು.

ಆತ ಬಾಟಲಿಯನ್ನು ಒಳಗಿಟ್ಟ.

ಬೆಳೆ ಉಳಿಯಲಿಲ್ಲ. ಎಮ್ಮೆಗೂ ಹಾಕಲು ಧೈರ್ಯವಾಗದೆ ಅಷ್ಟನ್ನೂ ಕಿತ್ತು ಮಣ್ಣಲ್ಲಿ ಹೂತೆವು. ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಮೂರು ವರ್ಷ ಬಣ್ಣ ನೋಡಿಯೇ ಬಾಟಲಿ ತಂದ ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು.